ಕಿತ್ತೂರು, ಸವದತ್ತಿ ಮತ್ತು ಐದು ಮಾತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ‘ಯಮಾತಾರಾಜಭಾನಸಲಗಂ’ ಇನ್ನೂ ಬಾಯಿಪಾಠವಿರಬಹುದು. ಅದರ ಬೆನ್ನಿಗಿರುವ ಗಣಿತವನ್ನು ಹೇಳಲು ತರಗತಿಯ ಅವಧಿ ಸಾಲುತ್ತಿರಲಿಲ್ಲ. ಇಲ್ಲಿ ಗಂಟೆ ಬಾರಿಸುವವರಿಲ್ಲ.

ನಮ್ಮ ಸೀಮೆಯ ನಾಲ್ಕು ಊರುಗಳಿಗೆ ಪ್ರಸ್ತಾರ ಹಾಕಿ ನೋಡಿರಿ. ಲಘುವಿಗೆ 1, ಗುರುವಿಗೆ 2. ಕಿತ್ತೂರು 5, ಸವದತ್ತಿ 5, ರಾಮದುರ್ಗ 6, ಬೈಲಹೊಂಗಲ 7. ಕಿತ್ತೂರಿನ ವಿನ್ಯಾಸಕ್ಕೆ ರಾಮದುರ್ಗದ್ದನ್ನು ಜೋಡಿಸಿದರೆ 11. ಅತ್ತ ಲಘು-ಗುರುಗಳನ್ನು ಜೋಡಿಸಿದರೆ ಇತ್ತ ಸಂಖ್ಯೆಗಳು ಕೂಡುತ್ತವೆ. ಹೀಗೆ ಜೋಡಣೆಯ ರಚನೆ ಕೆಡದಂತೆ ಒಯ್ಯುವ ಸಂಬಂಧಕ್ಕೆ ಗಣಿತಜ್ಞರು ಹೋಮೋಮಾರ್ಫಿಸಂ ಎನ್ನುತ್ತಾರೆ. ಆದರೆ ಮರಳಿ ಬರಲು ದಾರಿಯಿಲ್ಲ. 5 ಎಂದಷ್ಟೇ ಹೇಳಿದರೆ ಅದು ಕಿತ್ತೂರೋ ಸವದತ್ತಿಯೋ? ಐದು ಮಾತ್ರೆಗೆ ಒಟ್ಟು 8 ವಿನ್ಯಾಸಗಳಿವೆ.

ಮರಳಿ ಬರುವ ದಾರಿಯನ್ನೂ ಪಿಂಗಳನ ಪರಂಪರೆಯವರು ಕಂಡುಕೊಂಡಿದ್ದರು. ಸುಮಾರು 990ರಲ್ಲಿ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಛಂದಶ್ಶಾಸ್ತ್ರವನ್ನು ಕನ್ನಡಕ್ಕೆ ತಂದನು, ಅದೂ ಮಡದಿಯನ್ನು ಸಂಬೋಧಿಸುತ್ತ! (ಕಿಟೆಲ್ಲರು 1875ರಲ್ಲಿ ಅದನ್ನು ಅಚ್ಚು ಮಾಡಿಸಿದರು.) ಉದ್ದಿಷ್ಟವೆಂಬ ಕ್ರಿಯೆಯನ್ನು ನೋಡಿ. ‘ಕಿತ್ತೂರು’ ಗುರು-ಗುರು-ಲಘು, ಅಂದರೆ ತಗಣ. ಅಕ್ಷರಗಳ ಮೇಲೆ 1, 2, 4 ಬರೆದು, ಲಘುವಿನ ಮೇಲಿನ 4ಕ್ಕೆ 1 ಕೂಡಿಸಿದರೆ 5. ಮ, ಯ, ರ, ಸ, ತ, ಜ, ಭ, ನ ಎಂಬ ಶಾಸ್ತ್ರಕ್ರಮದಲ್ಲಿ ತಗಣ ಐದನೆಯದೇ. ನಷ್ಟಕ್ರಿಯೆ ತಿರುಗಿ ನಡೆಯುತ್ತದೆ: 5 ಬೆಸ, ಗುರು, ಒಂದು ಕೂಡಿಸಿ ಅರ್ಧಿಸಿದರೆ 3, ಮತ್ತೆ ಗುರು, ಮತ್ತೆ ಹಾಗೆಯೇ ಮಾಡಿದರೆ 2, ಸಮ, ಲಘು. ಹೋದ ದಾರಿಯಲ್ಲೇ ಮರಳಬಹುದಾದ ಇಂಥ ಸಂಬಂಧ ಐಸೋಮಾರ್ಫಿಸಂ. ಇದು ಉಳಿಸುವುದು ಪಟ್ಟಿಯ ಕ್ರಮವನ್ನು ಮಾತ್ರ, ಮಾತ್ರೆಯನ್ನಲ್ಲ. ಸಗಣ ನಾಲ್ಕನೆಯದು, ಜಗಣ ಆರನೆಯದು, ಎರಡಕ್ಕೂ ಮಾತ್ರೆ ನಾಲ್ಕೇ.

ಏನನ್ನು ಉಳಿಸಬೇಕೆಂದು ಮೊದಲು ಗೊತ್ತುಮಾಡಿ, ಬಳಿಕ ಸಂಬಂಧಗಳನ್ನು ಬಾಣಗಳೆಂದು ಎಣಿಸುವ ಕೆಟಗರಿ ಥಿಯರಿಯನ್ನು ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ 1945ರಲ್ಲಿ ಮಂಡಿಸಿದರು. ನಾಗವರ್ಮನಿಗೆ ಇದೆಲ್ಲ ತಿಳಿದಿತ್ತೆಂದು ಹೆಮ್ಮೆಪಡುವುದು ಬೇಡ. ಅವನ ಪ್ರಶ್ನೆಗಳೇ ಬೇರೆ.

ಈ ಭೇದದ ಬೆಲೆ ಶಾಸನ ಓದುವವರಿಗೆ ಗೊತ್ತು. ನಮ್ಮ ಸವದತ್ತಿ ರಟ್ಟರ ನೆಲೆ. ಇಮ್ಮಡಿ ಲಕ್ಷ್ಮೀದೇವನ ಕಾಲದ 1228ರ ಶಾಸನವು ಅಲ್ಲಿಯದು. ಯಾವುದೇ ಹಳಗನ್ನಡ ಶಾಸನದ ವೃತ್ತದಲ್ಲಿ ನಾಲ್ಕಕ್ಷರ ಸವೆದಿದ್ದರೆ, ಪ್ರತಿಯೊಂದೂ ಲಘುವೋ ಗುರುವೋ ಎಂಬುದು ನಿಶ್ಚಿತ. ಕಂದದಲ್ಲಿ ನಾಲ್ಕು ಮಾತ್ರೆಯ ಗಣವೊಂದು ಅಳಿದಿದ್ದರೆ ಐದು ಸಾಧ್ಯತೆಗಳು. ಬೆಸ ಸ್ಥಾನವಾದರೆ ಜಗಣ ಸಲ್ಲದು, ನಾಲ್ಕು ಉಳಿದವು. ಅರ್ಧಪದ್ಯದ ಆರನೆಯ ಗಣವಾದರೆ ಜಗಣ ಅಥವಾ ಸರ್ವಲಘು, ಎರಡೇ. ಮುಂದಿನದು ಓದುವವರ ಹಳಗನ್ನಡಕ್ಕೆ ಬಿಟ್ಟದ್ದು.