ಜಾಗ ಬದಲಿಸಿದ ಪಿನ್ನುಗಳು

ಕಂಪ್ಯೂಟರ್ ರಿಪೇರಿಯ ಯಾವ ಕೈಪಿಡಿ ತೆರೆದರೂ ಪ್ರೊಸೆಸರ್ ಬಿಚ್ಚುವ ಭಾಗದಲ್ಲಿ ಎಚ್ಚರಿಕೆಯ ಮಾತುಗಳು ಸಾಲುಗಟ್ಟಿರುತ್ತವೆ. ಬಲ ಹಾಕಬೇಡಿ, ಅಂಚು ಮಾತ್ರ ಹಿಡಿಯಿರಿ, ಪಿನ್ ಮುಟ್ಟಬೇಡಿ, ಕೂಲರನ್ನು ತಿರುಚಿ ತೆಗೆಯಿರಿ, ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಮೊದಲು ಇಳಿಸಿಕೊಳ್ಳಿ. ಇವನ್ನೆಲ್ಲ ಯಾರೋ ಒಬ್ಬರು ಒಂದೇ ದಿನ ಕೂತು ಬರೆದಂತೆ ತೋರುತ್ತದೆ. ಆದರೆ ಒಂದನ್ನು ಬಿಟ್ಟರೆ ಪ್ರತಿ ಎಚ್ಚರಿಕೆಯೂ ಒಂದೊಂದು ಕಾಲದ ಸಾಕೆಟ್ಟಿನಲ್ಲಿ ಆದ ಹಾನಿಯಿಂದ ಹುಟ್ಟಿದ್ದು; ಒಂದು ಕಾಲದ ಬುದ್ಧಿಮಾತು ಇನ್ನೊಂದು ಕಾಲಕ್ಕೆ ತಪ್ಪೂ ಆಗಿತ್ತು. ಐವತ್ತು ವರ್ಷಗಳ ಈ ಚರಿತ್ರೆಯನ್ನು ಸಾಮಾನ್ಯವಾಗಿ ಕೆಲಸ ಸುಲಭವಾಗುತ್ತ ಬಂದ ಕಥೆಯೆಂದು ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಇಲ್ಲಿ ಅಪಾಯ ಕಡಿಮೆಯಾದದ್ದಕ್ಕಿಂತ ಜಾಗ ಬದಲಿಸಿದ್ದೇ ಹೆಚ್ಚು.

‘ಬಲ ಹಾಕಬೇಡಿ’ ಎಂಬ ಮಾತನ್ನೇ ನೋಡಿ. 1990ರ ಸುಮಾರಿಗೆ ಅದನ್ನು ಹೇಳಿದ್ದರೆ ಮೆಕ್ಯಾನಿಕ್ ನಗುತ್ತಿದ್ದ. 1971ರ ಇಂಟೆಲ್ 4004ಕ್ಕೆ ಇದ್ದದ್ದು 16 ಕಾಲು, 1978ರ 8086ಕ್ಕೆ 40. ಅಷ್ಟಾದರೆ ಸ್ಕ್ರೂಡ್ರೈವರಿನ ತುದಿಯಿಂದ ಆ ಕಡೆ ಈ ಕಡೆ ಮೀಟಿದರೆ ಎದ್ದು ಬರುತ್ತಿತ್ತು. 1985ರ 386ರಲ್ಲಿ ಪಿನ್ನುಗಳು 132 ಆದವು, 1989ರ 486ರಲ್ಲಿ 168. ಪ್ರತಿ ಪಿನ್ನನ್ನೂ ಸಾಕೆಟ್ಟಿನೊಳಗಿನ ಸ್ಪ್ರಿಂಗ್ ಬಿಗಿಯಾಗಿ ಕಚ್ಚಿಕೊಳ್ಳುತ್ತಿದ್ದ ಕಾಲ ಅದು. ಸಾಧಾರಣ ಸಾಕೆಟ್ಟಿನಲ್ಲಿ 486 ಕೂರಿಸಲು ಸುಮಾರು 45 ಕೆಜಿ ಭಾರ ಹೇರಿದಷ್ಟು ಒತ್ತಬೇಕಿತ್ತು. ‘ಕಡಿಮೆ ಬಲದ್ದು’ ಎಂದು ಮಾರುತ್ತಿದ್ದ ಸಾಕೆಟ್ಟಿಗೂ 27 ಕೆಜಿ. ಕೆಳಗೆ ಆಸರೆಯಿಲ್ಲದಿದ್ದರೆ ಬೋರ್ಡು ಬಾಗಿ, ಒಳಗಿನ ತಾಮ್ರದ ಗೆರೆಗಳು ಬಿರುಕು ಬಿಡುವ ಭಯ. ತೆಗೆಯುವುದು ಇನ್ನೂ ನಾಜೂಕು. ಹಲ್ಲುಗಳಿದ್ದ ಲೋಹದ ಪಟ್ಟಿಯೊಂದನ್ನು ಚಿಪ್ಪಿನಡಿಗೆ ತೂರಿಸಿ, ನಾಲ್ಕೂ ಬದಿಯಿಂದ ಸರದಿಯಂತೆ ಕೂದಲೆಳೆಯಷ್ಟೇ ಎತ್ತುತ್ತ ಹೋಗಬೇಕು. ಒಂದೇ ಬದಿಯನ್ನು ಮೇಲೆತ್ತಿದರೆ ಎದುರು ಬದಿಯ ಪಿನ್ನುಗಳೆಲ್ಲ ಮಲಗಿಬಿಡುತ್ತಿದ್ದವು.

ಈ ಕಷ್ಟಕ್ಕೆ ಬಂದ ಪರಿಹಾರ ಪಕ್ಕದಲ್ಲಿ ಲಿವರ್ ಇರುವ ಸಾಕೆಟ್ಟು. ಲಿವರ್ ಎತ್ತಿದರೆ ಮೇಲಿನ ತಟ್ಟೆ ಕೊಂಚ ಸರಿದು ಪಿನ್ನುಗಳ ಹಿಡಿತ ಸಡಿಲವಾಗುತ್ತದೆ, ಚಿಪ್ಪು ತನ್ನ ಭಾರಕ್ಕೇ ಒಳಗಿಳಿಯುತ್ತದೆ. ಇದು ಹೊಸ ಕಲ್ಪನೆಯೇನಲ್ಲ, ಚಿಪ್ ಪರೀಕ್ಷಿಸುವ ಉಪಕರಣಗಳಲ್ಲಿ ಮೊದಲೇ ಇತ್ತು. ಮನೆಯ ಕಂಪ್ಯೂಟರಿಗೆ ಅದು ಇಳಿದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಇಂಟೆಲ್ ‘ಓವರ್‌ಡ್ರೈವ್’ ಹೆಸರಿನ ಚಿಪ್ಪುಗಳನ್ನು ನೇರವಾಗಿ ಗ್ರಾಹಕರಿಗೇ ಮಾರಲು ಹೊರಟ ಹೊತ್ತಿನಲ್ಲಿ. ಗ್ರಾಹಕರು ತಾವೇ ಚಿಪ್ಪು ಬದಲಿಸಬೇಕೆಂದರೆ 45 ಕೆಜಿಯ ಲೆಕ್ಕ ನಡೆಯುವುದಿಲ್ಲ. ಕೈಗೆ ಸುಖ ಸಿಕ್ಕಿತು ನಿಜ, ಆದರೆ ಆ ಸುಖವನ್ನು ತಂದದ್ದು ವ್ಯಾಪಾರ.

1997ರ ಪೆಂಟಿಯಂ 2 ಕೆಲಕಾಲ ಸಾಕೆಟ್ಟನ್ನೇ ಬಿಟ್ಟು, ಕ್ಯಾಶ್ ಚಿಪ್ಪುಗಳ ಸಮೇತ ಕಾರ್ಟ್ರಿಜ್ಜಿನೊಳಗೆ ಕೂತು ಸ್ಲಾಟಿಗೆ ಸೇರಿತು. ಕ್ಯಾಶ್ ಪ್ರೊಸೆಸರಿನೊಳಕ್ಕೇ ಬಂದ ಮೇಲೆ ಕಾರ್ಟ್ರಿಜ್ಜಿನ ಅಗತ್ಯ ಉಳಿಯಲಿಲ್ಲ. ಮತ್ತೆ ಸಾಕೆಟ್ಟು ಬಂದಾಗ ಪೆಟ್ಟು ಬೀಳುವ ಜಾಗ ಪಿನ್ನಿನಿಂದ ಸಿಲಿಕಾನಿಗೇ ಏರಿತ್ತು. 2000ದ ಸುಮಾರಿನ ಎಎಂಡಿಯ ಅಥ್ಲಾನ್ ಮತ್ತು ಇಂಟೆಲ್‌ನ ಪೆಂಟಿಯಂ 3 ಚಿಪ್ಪುಗಳಲ್ಲಿ ಬರಿಯ ಸಿಲಿಕಾನ್ ತುಣುಕು ಮುಚ್ಚಳವಿಲ್ಲದೆ ಮೇಲೆಯೇ ಕೂತಿರುತ್ತಿತ್ತು. ಹೀಟ್‌ಸಿಂಕಿನ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಸಿಕ್ಕಿಸುವಾಗ ಭಾರ ಒಂದು ಮೂಲೆಗೆ ಬಿದ್ದರೆ ಆ ಮೂಲೆ ಚಕ್ಕೆಯೇಳುತ್ತಿತ್ತು, ಅಲ್ಲಿಗೆ ಚಿಪ್ಪಿನ ಕಥೆ ಮುಗಿಯಿತು. ಎಎಂಡಿ ನಾಲ್ಕು ಮೂಲೆಗೆ ಮೆತ್ತನೆಯ ದುಂಡು ಪ್ಯಾಡುಗಳನ್ನು ಅಂಟಿಸಿತು. ಕೊನೆಗೆ 2003ರ ಅಥ್ಲಾನ್ 64ರಲ್ಲಿ ಲೋಹದ ಮುಚ್ಚಳವನ್ನೇ ಹಾಕಿತು. ಗಮನಿಸಬೇಕಾದದ್ದು ಇಷ್ಟು: ಇಂದು ಎಲ್ಲರೂ ಹೇಳುವ ‘ಕೂಲರನ್ನು ತಿರುಚಿ ತೆಗೆಯಿರಿ’ ಎಂಬ ಮಾತನ್ನು ಆ ಬರಿಯ ಸಿಲಿಕಾನಿನ ಮೇಲೆ ಪಾಲಿಸಿದ್ದರೆ ಮೂಲೆ ಒಡೆಯುವ ಸಾಧ್ಯತೆಯೇ ಹೆಚ್ಚಿತ್ತು.

ನನ್ನ ವಾದಕ್ಕೆ ದೊಡ್ಡ ಸಾಕ್ಷಿ 2004ರದು. ಆ ವರ್ಷ ಬಂದ ಎಲ್‌ಜಿಎ 775 ಸಾಕೆಟ್ಟಿನಲ್ಲಿ ಇಂಟೆಲ್ ಪಿನ್ನುಗಳನ್ನು ಪ್ರೊಸೆಸರಿನಿಂದ ತೆಗೆದು ಮದರ್‌ಬೋರ್ಡಿನ ಮೇಲೆ ಇಟ್ಟಿತು. ಚಿಪ್ಪಿನ ಅಡಿಯಲ್ಲಿ ಉಳಿದದ್ದು ಚಪ್ಪಟೆಯಾದ ಚಿನ್ನದ ಬಣ್ಣದ ಚುಕ್ಕೆಗಳು ಮಾತ್ರ. ಬೋರ್ಡಿನ ಮೇಲೆ 775 ಸಣ್ಣ ಸ್ಪ್ರಿಂಗುಗಳು, ಓರೆಯಾಗಿ ಬಾಗಿ ನಿಂತವು. ಹಳೆಯ ನೇರ ಪಿನ್ನು ಬಾಗಿದರೆ ಮೆಕ್ಯಾನಿಕಲ್ ಪೆನ್ಸಿಲ್ಲಿನ ಸೀಸ ತೆಗೆದು, ತುದಿಯ ತೂತಿಗೆ ಪಿನ್ನನ್ನು ಏರಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದಿತ್ತು. ಈ ಸ್ಪ್ರಿಂಗು ಬಾಗಿದರೆ ಭೂತಗನ್ನಡಿ, ಚೂಪಾದ ಚಿಮುಟ, ಅದೃಷ್ಟ ಮೂರೂ ಬೇಕು. ತೆಗೆಯುವಾಗ ಚಿಪ್ಪು ಬೆರಳಿನಿಂದ ಜಾರಿ ಬಿದ್ದರೆ ಈಗ ಕೆಡುವುದು ಬೋರ್ಡು. ಸಾಕೆಟ್ಟಿನ ಸ್ಪ್ರಿಂಗ್ ಬಾಗಿದ್ದರೆ ಬೋರ್ಡಿನ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಸಾಕೆಟ್ಟಿನ ಮೇಲೆ ಬರುವ ಪ್ಲಾಸ್ಟಿಕ್ ಮುಚ್ಚಳವನ್ನು ಎತ್ತಿಡಿ ಎಂಬ ಹೊಸ ಎಚ್ಚರಿಕೆ ಹುಟ್ಟಿದ್ದು ಇದರಿಂದಲೇ. ಹೊರೆ ಚಿಪ್ಪು ಮಾಡುವವರ ತಲೆಯಿಂದ ಬೋರ್ಡು ಮಾಡುವವರ, ಕೊಳ್ಳುವವರ ತಲೆಗೆ ದಾಟಿತು.

ಇದಕ್ಕೆ ಎಂಜಿನಿಯರುಗಳ ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. ಪಿನ್ನು ಉದ್ದವಾದಷ್ಟೂ ವೇಗದ ಸಂಕೇತಗಳಿಗೆ ಅಡ್ಡಿ. ಚುಕ್ಕೆಗಳನ್ನಾದರೆ ಇನ್ನೂ ಒತ್ತೊತ್ತಾಗಿ ಜೋಡಿಸಬಹುದು, ಹೆಚ್ಚು ಕರೆಂಟ್ ಹರಿಸಬಹುದು. ಎಲ್ಲವೂ ನಿಜ. ಎಎಂಡಿ ಕೂಡ 2022ರ ಎಎಂ5 ಸಾಕೆಟ್ಟಿನಲ್ಲಿ 1718 ಸಂಪರ್ಕಗಳೊಂದಿಗೆ ಇದೇ ದಾರಿಗೆ ಬಂದದ್ದು ಅದಕ್ಕೆ ಪುರಾವೆ. ಆದರೆ ಕಾರಣ ತಾಂತ್ರಿಕವಾಗಿದ್ದ ಮಾತ್ರಕ್ಕೆ ಪರಿಣಾಮವೂ ಬರೀ ತಾಂತ್ರಿಕವಾಗಿ ಉಳಿಯುವುದಿಲ್ಲ. ಅದೇ ಎಎಂಡಿ ಮಧ್ಯದ ಹದಿನೆಂಟು ವರ್ಷ ಮನೆಬಳಕೆಯ ಚಿಪ್ಪುಗಳ ಪಿನ್ನನ್ನು ಚಿಪ್ಪಿನಲ್ಲೇ ಇಟ್ಟುಕೊಂಡು ವ್ಯಾಪಾರ ಮಾಡಿತು. ಅಂದರೆ 2004ರಲ್ಲಿ ಬೇರೆ ದಾರಿಯೇ ಇರಲಿಲ್ಲ ಎನ್ನಲಾಗದು.

ಸ್ಥಿರವಿದ್ಯುತ್ತಿನ ಎಚ್ಚರಿಕೆಯೊಂದೇ ಈ ಯಾವ ಸಾಕೆಟ್ಟಿಗೂ ಸೇರದ್ದು. ಚಿಪ್ಪಿನೊಳಗಿನ ಮಾಸ್ ಟ್ರಾನ್ಸಿಸ್ಟರಿನ ಅತಿ ತೆಳುವಾದ ಆಕ್ಸೈಡ್ ಪದರದ ಜೊತೆಗೇ ಹುಟ್ಟಿದ ಭಯವದು, ಸಾಕೆಟ್ಟು ಬದಲಾದರೂ ಅದು ಬದಲಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬರಿಗೈಯಲ್ಲಿ ಕೆಲಸ ಮಾಡುವವರು ‘ಇದೆಲ್ಲ ಪುಸ್ತಕದ ಮಾತು’ ಎಂದರೆ ಅದರಲ್ಲಿ ಅರ್ಧ ಸತ್ಯವಿದೆ. ಇಂದಿನ ಚಿಪ್ಪುಗಳೊಳಗೆ ರಕ್ಷಣೆಯ ಏರ್ಪಾಡಿದೆ, ಮಂಗಳೂರಿನಂಥ ತೇವದ ಗಾಳಿಯಲ್ಲಿ ಮೈಮೇಲೆ ವಿದ್ಯುತ್ತು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಆದರೆ ನಮ್ಮ ಚರ್ಮಕ್ಕೆ ಚುರುಕ್ ಎಂದು ಗೊತ್ತಾಗುವುದು 3000 ವೋಲ್ಟಿನ ಆಸುಪಾಸಿನಲ್ಲಿ. ಚಿಪ್ಪು ಅದಕ್ಕಿಂತ ಬಹಳ ಕಡಿಮೆಗೇ ಕೆಡಬಹುದು, ಕೆಟ್ಟದ್ದು ತಿಂಗಳುಗಳಾದ ಮೇಲೆ ತಿಳಿಯಬಹುದು. ಏನೂ ಆಗಿಲ್ಲ ಎನ್ನುವ ಕೈಗೆ ಆದದ್ದು ಗೊತ್ತಾಗುವ ದಾರಿಯೇ ಇಲ್ಲ. ಚಳಿಗಾಲದ ಒಣಗಾಳಿಯಲ್ಲಿ ಕಲಬುರಗಿ, ವಿಜಯಪುರದವರು ಮಣಿಕಟ್ಟಿನ ಪಟ್ಟಿ ಕಟ್ಟಿಕೊಳ್ಳುವುದೇ ಲೇಸು.

ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿದರೆ ತೆಗೆಯುವ ಗೊಡವೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಆಗಿರುವುದು ಅದೇ: ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಸಾಕೆಟ್ಟಿಗೆ ಬಂದ ಕೊನೆಯ ಪೀಳಿಗೆ 2013ರ ಹ್ಯಾಸ್‌ವೆಲ್. ಅಲ್ಲಿ ಬೆರಳಿನ ಅಪಾಯ ಹೋಯಿತು, ಜೇಬಿನ ಅಪಾಯ ಬಂತು. ಚಿಪ್ಪು ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕು. ಇನ್ನು ಆಫೀಸುಗಳಲ್ಲಿ ಇಂದಿಗೂ ಓಡುತ್ತಿರುವ, ಎಎಂಡಿಯ ಎಎಂ4 ಸಾಕೆಟ್ಟಿನ ಡೆಸ್ಕ್‌ಟಾಪುಗಳದ್ದು ಬೇರೆಯೇ ಪಾಡು. ಆ ಸಾಕೆಟ್ಟಿನಲ್ಲಿ ಚಿಪ್ಪನ್ನು ಮೇಲಿನಿಂದ ಅದುಮಿ ಹಿಡಿಯುವ ತಟ್ಟೆಯಿಲ್ಲ, ಲಿವರಿನ ಹಿಡಿತವಷ್ಟೇ. ಥರ್ಮಲ್ ಪೇಸ್ಟ್ ಹಳತಾಗಿ ಹಲಸಿನ ಮೇಣದಂತೆ ಕಚ್ಚಿಕೊಂಡಿದ್ದರೆ, ಕೂಲರನ್ನು ನೇರ ಮೇಲಕ್ಕೆ ಎಳೆದಾಗ ಲಿವರ್ ಹಾಕಿದ್ದಂತೆಯೇ ಚಿಪ್ಪು ಕಿತ್ತು ಬರುತ್ತದೆ, 1331 ಪಿನ್ನುಗಳ ಸಮೇತ. ಯಂತ್ರವನ್ನು ಕೆಲವು ನಿಮಿಷ ಓಡಿಸಿ ಪೇಸ್ಟ್ ಬಿಸಿಯಾದ ಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಬಲಕ್ಕೆ ಮೆಲ್ಲಗೆ ತಿರುಚಿಯೇ ಎತ್ತಬೇಕು. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಮದರ್‌ಬೋರ್ಡಿನ ಮಾದರಿ ನೋಡಿ, ಅದರಲ್ಲಿರುವುದು ಯಾವ ಸಾಕೆಟ್ಟೆಂದು ತಿಳಿದುಕೊಳ್ಳಿ. ಕೈಪಿಡಿಯ ಯಾವ ಎಚ್ಚರಿಕೆ ನಿಮ್ಮ ಯಂತ್ರಕ್ಕೆ ಸೇರಿದ್ದೆಂಬುದು ಆಮೇಲೆಯೇ ತೀರ್ಮಾನವಾಗಲಿ.