ಶರಣರ ದಾಂಪತ್ಯ

ಗಂಡುಹೆಣ್ಣುಗಳ ಒಲವನ್ನು ಜೀವಮಾನದ ಸಾಂಗತ್ಯವಾಗಿ ಬೆಳೆಸುವ ಶಕ್ತಿ ಯಾವುದೆಂದು ಕೇಳಿದರೆ, ರೂಪವೆಂದೋ ಕುಲವೆಂದೋ ಸಂಪತ್ತೆಂದೋ ಹೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದರೆ 12ನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣ ದಂಪತಿಗಳು ಈ ಪ್ರಶ್ನೆಗೆ ಬೇರೊಂದು ಉತ್ತರವನ್ನು ತಮ್ಮ ಬಾಳಿನಿಂದಲೇ ಕೊಟ್ಟರು. ಸಂಸಾರವು ಮೋಕ್ಷಕ್ಕೆ ಅಂತರಾಯವೆಂದು ಮನೆ ತೊರೆದ ವಿರಕ್ತರಿಗೆ ಹಿರಿಯ ಗೌರವ ಸಲ್ಲುತ್ತಿದ್ದ ನಾಡಿನಲ್ಲಿ, ಇಬ್ಬರೂ ಕೂಡಿ ದುಡಿದು ಹಂಚಿ ಉಣ್ಣುವ ಗೃಹಸ್ಥಜೀವನವೇ ಸಾಧನೆಯ ಕ್ಷೇತ್ರವೆಂದು ಅವರು ನಂಬಿದರು.

ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದವರೆನ್ನಲಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ವೃತ್ತಾಂತ ಇದಕ್ಕೆ ಉಜ್ಜ್ವಲವಾದ ನಿದರ್ಶನ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅನುಭಾವದ ಮಾತುಕತೆಯಲ್ಲಿ ಮೈಮರೆತಾಗ ಕಾಯಕ ತಪ್ಪಿತೆಂದು ಎಚ್ಚರಿಸಿದವಳು ಲಕ್ಕಮ್ಮ; ಅವಸರದಿಂದ ಹೋಗಿ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿನ ಅಗತ್ಯವನ್ನು ಮೀರಿದ್ದು ಆಸೆಯೆಂದು ತಿಳಿಹೇಳಿ, ಮಿಕ್ಕುದನ್ನು ಮರಳಿ ಸುರಿದು ಬರುವಂತೆ ಮಾಡಿದವಳೂ ಅವಳೇ. ಹಾಗೆಯೇ, ಕಟ್ಟಿಗೆ ಮಾರಿ ಬದುಕುತ್ತಿದ್ದ ಇನ್ನೊಬ್ಬ ಶರಣ ಮೋಳಿಗೆಯ ಮಾರಯ್ಯನು ಕೈಲಾಸಕ್ಕೆ ಹಂಬಲಿಸಿದಾಗ, ಇಲ್ಲಿಯೇ ಇರುವುದನ್ನು ಬೇರೆಡೆ ಅರಸುವುದೇಕೆಂದು ಪ್ರಶ್ನಿಸಿದವಳು ಅವನ ಪತ್ನಿ ಮಹಾದೇವಿ.

ಈ ವೃತ್ತಾಂತಗಳನ್ನು ವಿಸ್ತಾರವಾಗಿ ನಿರೂಪಿಸುವ ‘ಶೂನ್ಯಸಂಪಾದನೆ’ ಎಂಬ ಗ್ರಂಥಗಳು 15ನೆಯ ಶತಮಾನದಿಂದೀಚಿನವು. ಆದಕಾರಣ ಇವುಗಳಲ್ಲಿ ಐತಿಹ್ಯದ ಅಂಶ ಬೆರೆತಿರುವುದು ಸಹಜ. ಆದರೆ ಲಕ್ಕಮ್ಮನ ಹೆಸರಿನಲ್ಲಿ ಉಳಿದುಬಂದ ವಚನಗಳಲ್ಲಿಯೂ ಅದೇ ನಿಷ್ಠುರವಾದ ಧ್ವನಿ ಕೇಳಿಬರುತ್ತದೆ. ಅವಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪತಿಯ ಹೆಸರನ್ನು ದೇವರ ಹೆಸರಿನೊಡನೆ ಪ್ರೀತಿಯಿಂದ ಹೊಸೆದ ಅದೇ ಅಂಕಿತದಡಿಯಲ್ಲಿ ಲಕ್ಕಮ್ಮನು ಪತಿಯ ಲೋಪವನ್ನು ಎತ್ತಿ ತೋರಿಸಿದಳೆಂಬುದು ಗಮನಾರ್ಹ. ಅಲ್ಲಿ ಅನುರಾಗವು ಸತ್ಯವನ್ನು ಮುಚ್ಚಲಿಲ್ಲ, ಸತ್ಯವು ಅನುರಾಗವನ್ನು ಕುಂದಿಸಲಿಲ್ಲ.

ಕೇವಲ ಪರಸ್ಪರ ಆಕರ್ಷಣೆಯನ್ನೇ ನೆಚ್ಚಿದ ಸಂಬಂಧವು, ಆ ಆಕರ್ಷಣೆ ಬಾಡಿದಂದು, ತಾನೂ ಬಾಡುವುದು. ಈ ದಂಪತಿಗಳಾದರೋ ಒಬ್ಬರಿಗೊಬ್ಬರು ಸೋತದ್ದು ಮಾತ್ರವಲ್ಲದೆ, ತಮ್ಮಿಬ್ಬರಿಗಿಂತಲೂ ಹಿರಿದಾದ ಒಂದು ಧ್ಯೇಯಕ್ಕೆ ಜೊತೆಯಾಗಿ ತಲೆಬಾಗಿದರು. ಆ ಧ್ಯೇಯದ ಮುಂದೆ ಸತಿಯೂ ಪತಿಯೂ ಸಮಾನರಾದುದರಿಂದ, ತಿದ್ದುವ ಅಧಿಕಾರವೂ ತಿದ್ದಿಕೊಳ್ಳುವ ವಿನಯವೂ ಇಬ್ಬರಿಗೂ ದೊರೆತವು. ಬಾಳಸಂಗಾತಿಯನ್ನು ಅರಸುವ ತರುಣತರುಣಿಯರು ಯಾರೊಡನೆ ಸುಖಿಸಬಲ್ಲೆವೆಂದು ಕೇಳಿಕೊಳ್ಳುವಂತೆಯೇ, ಯಾರೊಡನೆ ದುಡಿಯಬಲ್ಲೆವು, ಯಾರ ತಿದ್ದುವಿಕೆಯನ್ನು ಪ್ರೀತಿಯಿಂದ ತಾಳಬಲ್ಲೆವು ಎಂದೂ ಕೇಳಿಕೊಳ್ಳುವುದು ಶ್ರೇಯಸ್ಕರ.