ಕೀಲು, ಮೋಟಾರು, ಪರವಾನಗಿ: ಬೆಳಗಾವಿ–ಖಾನಾಪುರ ಸೀಮೆಯಲ್ಲಿ ಆಟಿಕೆ ವಾಹನ ಕಟ್ಟುವ ಹವ್ಯಾಸ

ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒತ್ತಿ ಕೂಡಿಸಿ, ಮೋಟಾರು ಹಚ್ಚಿ, ರಿಮೋಟಿನಿಂದ ಓಡಿಸುವ ಹವ್ಯಾಸದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಡೆನ್ಮಾರ್ಕಿನ ಬಿಲ್ಲುಂಡ್ ಊರಿನಿಂದ ಶುರು ಮಾಡುತ್ತಾರೆ. ಹಾಗೆ ಬರೆದದ್ದು ಕೊನೆಗೆ ಲೆಗೊ ಎಂಬ ಒಂದು ಕಂಪನಿಯ ಚರಿತ್ರೆಯಾಗಿ ನಿಲ್ಲುತ್ತದೆ. ಬೆಳಗಾವಿ ಮತ್ತು ಖಾನಾಪುರದ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಇಂಥ ವಾಹನಕ್ಕೆ ಬೇಕಾದ ಅಂಗಗಳು ಮೂರು: ಬಿಡಿಭಾಗಗಳನ್ನು ಹಿಡಿದಿಡುವ ಕೀಲು, ಓಡಿಸುವ ಮೋಟಾರು, ದೂರದಿಂದ ಆಳುವ ನಿಯಂತ್ರಣ. ಮೂರೂ ಈ ಸೀಮೆಗೆ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ದಾರಿ ಹಿಡಿದು ಬಂದವು. ಕೀಲಿನ ವಿದ್ಯೆ ಇಲ್ಲಿ ಮೊದಲೇ ಇತ್ತು. ಮೋಟಾರು ಕೆಟ್ಟ ಯಂತ್ರಗಳ ಹೊಟ್ಟೆಯಿಂದ ಹೊರಬಂತು. ನಿಯಂತ್ರಣದ ದಾರಿಗೆ ಮಾತ್ರ ಕಾಯ್ದೆಯೊಂದು ಬಹುಕಾಲ ಅಡ್ಡ ನಿಂತಿತ್ತು.

ಕೀಲಿನಿಂದಲೇ ನೋಡೋಣ. ಜಿಲ್ಲೆಯ ಪೂರ್ವಕ್ಕೆ, ಬೈಲಹೊಂಗಲ, ಸವದತ್ತಿಯ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಕೊಯ್ಲು ಮುಗಿದ ಮೇಲೆ ಹುಡುಗರ ಕೈಗೆ ಬೇಕಾದಷ್ಟು ಕಣಿಕೆ ಸಿಗುತ್ತಿತ್ತು. ಒಣಗಿದ ದಂಟಿನ ಹೊರಗಿನ ಗಟ್ಟಿ ಸಿಬರನ್ನು ಹಲ್ಲಿನಿಂದಲೋ ಉಗುರಿನಿಂದಲೋ ಸೀಳಿ ತೆಗೆದರೆ ಒಳಗೆ ಮೆತ್ತನೆಯ ಬೆಂಡು. ಬೆಂಡನ್ನು ಬೆರಳುದ್ದ ತುಂಡು ಮಾಡಿ, ಸಿಬರಿನ ಚೂಪು ತುದಿಯನ್ನು ಅದಕ್ಕೆ ಚುಚ್ಚಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಅಂಟು ಬೇಡ, ಮೊಳೆ ಬೇಡ, ದಾರ ಬೇಡ. ಉದ್ದ ಸಿಬರು ಚಕ್ಕಡಿಯ ಈಸಾಗುತ್ತದೆ, ಗಿಡ್ಡದು ಅಚ್ಚಾಗುತ್ತದೆ. ಬಿಲ್ಲೆಯಾಗಿ ಕೊಯ್ದ ಬೆಂಡು ಸಣ್ಣ ಗಾಲಿ. ಸಿಬರನ್ನು ಬಾಗಿಸಿ ಎರಡೂ ತುದಿಗಳನ್ನು ಒಂದೇ ತುಣುಕಿಗೆ ಚುಚ್ಚಿದರೆ ದೊಡ್ಡ ಗಾಲಿ. ಜಾನಪದ ವಿದ್ವಾಂಸರು ಇದನ್ನು ಮಕ್ಕಳ ಆಟವೆಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದುಂಟು. ತಂತ್ರಜ್ಞಾನದ ಚರಿತ್ರೆಯ ದೃಷ್ಟಿಯಲ್ಲಿ ಇದು ಎರಡೇ ಬಗೆಯ ಭಾಗಗಳಿಂದ ಏನನ್ನಾದರೂ ಕಟ್ಟಬಲ್ಲ ಪೂರ್ಣ ಜೋಡಣೆ ಪದ್ಧತಿ. ರಂಧ್ರಕ್ಕಿಂತ ಒಂದು ಎಳೆ ದಪ್ಪನೆಯ ಕಡ್ಡಿಯನ್ನು ಒತ್ತಿ ಸೇರಿಸಿ, ಘರ್ಷಣೆಯ ಬಲದಿಂದ ನಿಲ್ಲಿಸುವುದು ಅದರ ತತ್ತ್ವ. ಬೆಳಗಾವಿಯ ಉದ್ಯಮಬಾಗದ ಯಂತ್ರಶಾಲೆಯಲ್ಲಿ ಬುಶ್ ಕೂರಿಸುವ ಫಿಟ್ಟರ್ ಮಾಡುವುದೂ ಇದನ್ನೇ.

ಖಾನಾಪುರ ತಾಲ್ಲೂಕು ಭತ್ತದ, ಕಾಡಿನ, ಮಣ್ಣಿನ ಸೀಮೆ. ಜೋಳದ ದಂಟು ಅಲ್ಲಿ ಅಪರೂಪ. ಊರಿಗೆ ಹೆಸರು ತಂದದ್ದು ಹಂಚು ಮತ್ತು ಕುಂಬಾರಿಕೆ; ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲಿಯೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು, ಮುಂದೊಂದು ಗ್ವಾದಲಿ ಮಾಡಿ ಪೂಜಿಸುತ್ತಾರೆ. ಪೂಜೆ ಮುಗಿದರೆ ಎತ್ತು ಮಕ್ಕಳ ಪಾಲು. ಮಣ್ಣಿಗೆ ರೂಪ ಬರುತ್ತದೆ, ಕೀಲು ಬರುವುದಿಲ್ಲ. ಒಣಗಿದ ಮೇಲೆ ಅದನ್ನು ಬಿಚ್ಚಿ ಮತ್ತೊಂದಾಗಿ ಕಟ್ಟಲಾಗದು. ಆದರೂ ಖಾನಾಪುರವನ್ನು ಈ ಕಥೆಯಿಂದ ಬಿಡುವಂತಿಲ್ಲ. ಕೈಯಿಂದ ತಿರುಗುತ್ತಿದ್ದ ಗಾಲಿಗೆ ಮೋಟಾರು ಬಂದಾಗ ಕಸುಬಿಗೆ ಏನಾಗುತ್ತದೆ ಎಂಬುದು ಅಲ್ಲಿಯ ತಿಗರಿಯಲ್ಲಿ ಕಾಣುತ್ತದೆ. 2018ರಲ್ಲಿ ಅದೇ ಆಯೋಗ ಕುಂಬಾರ ಸಶಕ್ತೀಕರಣ ಯೋಜನೆಯಡಿ ವಿದ್ಯುತ್ ತಿಗರಿ ಹಂಚತೊಡಗಿದಾಗ ಕೋಲು ಹಾಕಿ ತಿರುಗಿಸುವ ಶ್ರಮ ಹೋಯಿತು. ವೇಗವನ್ನು ಅಂಗೈಯಲ್ಲಿ ಅಳೆಯುವ ಬದಲು ಗುಂಡಿಯಲ್ಲಿ ಹಿಡಿಯುವ ಅಭ್ಯಾಸ ಶುರುವಾಯಿತು.

ಇನ್ನು ಬಿಲ್ಲುಂಡ್. ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಆಟಿಕೆ ಮಾಡಲು ತೊಡಗಿದ. ಮಗ ಗಾಡ್‌ಫ್ರೆಡ್ 1958ರ ಜನವರಿ 28ರಂದು ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಹಾಕಿದ. ಅದಕ್ಕೂ ಮೊದಲೇ ಇಂಗ್ಲೆಂಡಿನ ಹಿಲರಿ ಪೇಜ್ ತನ್ನ ಕಿಡ್ಡಿಕ್ರಾಫ್ಟ್ ಕಂಪನಿಯಿಂದ ಗುಬ್ಬಿಗಳುಳ್ಳ ಪ್ಲಾಸ್ಟಿಕ್ ಇಟ್ಟಿಗೆ ಮಾರಿದ್ದ. ಡ್ಯಾನಿಶ್ ಪೇಟೆಂಟಿನ ಹೊಸತನ ಇಟ್ಟಿಗೆಯ ಒಳಗಿನ ಟೊಳ್ಳು ಕೊಳವೆಗಳಲ್ಲಿತ್ತು; ಕೆಳಗಿನ ಇಟ್ಟಿಗೆಯ ಗುಬ್ಬಿಗಳು ಆ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿ ಬಿಗಿಯಾಗುತ್ತವೆ. 1963ರಲ್ಲಿ ಎಬಿಎಸ್ ಪ್ಲಾಸ್ಟಿಕ್ ಬಂದ ಮೇಲೆ ಆ ಬಿಗಿ ವರ್ಷಗಟ್ಟಲೆ ಉಳಿಯಿತು. ಬೆಂಡಿಗೂ ಇಟ್ಟಿಗೆಗೂ ನಿಜವಾದ ಅಂತರ ಇದೊಂದೇ. ಬೆಂಡಿನ ತೂತು ಎರಡನೆಯ ಸಲಕ್ಕೆ ಸಡಿಲಾಗುತ್ತದೆ, ಎಬಿಎಸ್ ಸಾವಿರ ಸಲ ಬಿಚ್ಚಿದರೂ ಹಿಡಿತ ಬಿಡುವುದಿಲ್ಲ. ಜಗತ್ತಿಗೆ ಕೀಲು ಕೊಟ್ಟ ಕೀರ್ತಿ ಬಿಲ್ಲುಂಡಿಗೆ ಸಲ್ಲದು. ಅದು ಕೊಟ್ಟದ್ದು ಬಿಚ್ಚಿ ಮತ್ತೆ ಕಟ್ಟುವ ಸ್ವಾತಂತ್ರ್ಯ.

ವಾಹನ ಕಟ್ಟುವವರಿಗೆ ಮುಖ್ಯವಾದ ವರ್ಷ 1977. ತೂತಿನ ತೊಲೆಗಳು, ಕೂಡುವ ಚಿಹ್ನೆಯ (+) ಆಕಾರದ ಅಚ್ಚುಗಳು, ಹಲ್ಲುಗಾಲಿಗಳು ಇದ್ದ ಸೆಟ್‌ಗಳು ಆಗ ಬಂದವು. 1984ರಿಂದ ಅವಕ್ಕೆ ಟೆಕ್ನಿಕ್ ಎಂಬ ಹೆಸರು. ಇಲ್ಲಿಯ ಲೆಕ್ಕಾಚಾರ ಬೆಳಗಾವಿಯ ಟರ್ನರ್‌ಗೆ ಹೇಳಿಕೊಡಬೇಕಾದ್ದಲ್ಲ. ಹಲ್ಲುಗಾಲಿಗಳ ಮಾಡ್ಯೂಲ್ 1, ಅಂದರೆ ಹಲ್ಲುಗಳೆಷ್ಟೋ ಅಷ್ಟು ಮಿ.ಮೀ. ವ್ಯಾಸ. ಗುಬ್ಬಿಯಿಂದ ಗುಬ್ಬಿಗೆ 8 ಮಿ.ಮೀ. ಆದ್ದರಿಂದ 8 ಹಲ್ಲಿನದೂ 24 ಹಲ್ಲಿನದೂ ಕೂಡಿದರೆ ಕೇಂದ್ರಗಳ ಅಂತರ 16 ಮಿ.ಮೀ., ಸರಿಯಾಗಿ ಎರಡು ಗುಬ್ಬಿ. 8ಕ್ಕೆ 40 ಕೂಡಿಸಿದರೆ 24 ಮಿ.ಮೀ., ಮೂರು ಗುಬ್ಬಿ. ವೇಗ ಐದರಲ್ಲೊಂದಾಗಿ, ಎಳೆಯುವ ಬಲ ಘರ್ಷಣೆಯ ನಷ್ಟ ಕಳೆದು ಹೆಚ್ಚುಕಡಿಮೆ ಐದು ಪಟ್ಟು. ಏರು ಹತ್ತುವ ಜೀಪು ಕಟ್ಟುವವರು ಮೊದಲು ಕಲಿಯುವ ಪಾಠ ಇದು. ಮೋಟಾರಿನ ಅಚ್ಚಿಗೆ ನೇರವಾಗಿ ಗಾಲಿ ಹಾಕಿದ ಗಾಡಿ ನೆಲದ ಮೇಲೆ ಚುರುಕಾಗಿ ಓಡಿ, ಒಂದು ಪುಸ್ತಕದ ದಪ್ಪದ ಅಡ್ಡಿಗೆ ಮುಗ್ಗರಿಸಿ ನಿಲ್ಲುತ್ತದೆ.

ಭಾರತದ ಮಕ್ಕಳಿಗೆ ಈ ಸೆಟ್‌ಗಳು ಬಹುಕಾಲ ಎಟುಕಲಿಲ್ಲ. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ, ಮುಂದೆ ಮೆಕ್ಕಾನೊ ಎನಿಸಿದ ತೂತಿನ ಲೋಹಪಟ್ಟಿಗಳ ದೇಶಿ ರೂಪ, ಮುಂಬಯಿಯ ಝೆಫಿರ್ ಕಂಪನಿಯ ಮೆಕ್ಯಾನಿಕ್ಸ್, ಮಧ್ಯಮ ವರ್ಗದ ಮನೆಗಳಿಗೆ ಬಂತು. ನಟ್ಟು ಬೋಲ್ಟು ಬಿಗಿಯುವ ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಕೈಯಲ್ಲಿ ಕಾಸಿಲ್ಲದವರಿಗೆ, ಆಟಿಕೆಗಳಿಂದ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಇನ್ನೊಂದು ದಾರಿ ತೋರಿಸಿದರು: ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡರಿಸಿ, ಅದರೊಳಗೆ ಬೆಂಕಿಕಡ್ಡಿ ತುರುಕಿ ಮಾಡುವ ಕೀಲು. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದಲ್ಲಿ ಹುಟ್ಟಿದ ಆ ಉಪಾಯ ಬೆಂಡು–ಸಿಬರಿನ ತತ್ತ್ವವನ್ನೇ ತಿರುವಿ ಹಾಕಿದಂಥದು; ಅಲ್ಲಿ ಮೆತ್ತನೆಯದಕ್ಕೆ ಕಡ್ಡಿ ಚುಚ್ಚಿದರೆ ಇಲ್ಲಿ ಮೆತ್ತನೆಯದು ಕಡ್ಡಿಯನ್ನು ತಬ್ಬುತ್ತದೆ.

ಮೋಟಾರಿನ ಚರಿತ್ರೆಯನ್ನು ಅಂಗಡಿಯ ಬಿಲ್ಲುಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. 1980–90ರ ದಶಕಗಳಲ್ಲಿ ಕೆಟ್ಟ ಟೇಪ್‌ರೆಕಾರ್ಡರ್ ಬಿಚ್ಚಿದ ಹುಡುಗನಿಗೆ ಒಂದು ಡಿಸಿ ಮೋಟಾರು, ಒಂದು ರಬ್ಬರ್ ಬೆಲ್ಟು, ಒಂದೆರಡು ಪುಲ್ಲಿ ಸಿಗುತ್ತಿದ್ದವು. ಬೆಲ್ಟು ಅಲ್ಲಿ ಗೇರಿನ ಕೆಲಸ ಮಾಡುತ್ತಿತ್ತು. ಗಾಡಿ ಗೋಡೆಗೆ ತಾಗಿದರೆ ಜಾರಿ ಮೋಟಾರನ್ನು ಉಳಿಸುತ್ತಲೂ ಇತ್ತು. ಸೆಲ್ಲುಗಳ ಡಬ್ಬಿಗೆ ಎರಡೂ ಕಡೆ ಒತ್ತುವ ಸ್ವಿಚ್ಚು ಹಾಕಿ, ಮಾರುದ್ದ ವೈರು ಎಳೆದು ಹಿಂದೆ ಹಿಂದೆ ಓಡಿದರೆ ಅದೇ ರಿಮೋಟ್. ವೈರು ಯಾಕೆ ಎಂದು ಕೇಳಿದರೆ ನಾವು ಬಡತನವನ್ನು ತೋರಿಸುತ್ತೇವೆ. ಇನ್ನೊಂದು ಕಾರಣ ಕಾನೂನಿನಲ್ಲಿತ್ತು.

ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೊದಿಂದ ದೋಣಿ ನಡೆಸಿ ತೋರಿಸಿದ್ದು 1898ರಲ್ಲಿ. ಇಲ್ಲಿ 1933ರ ಭಾರತೀಯ ನಿಸ್ತಂತು ಟೆಲಿಗ್ರಫಿ ಕಾಯ್ದೆ, ಪರವಾನಗಿ ಇಲ್ಲದೆ ರೇಡಿಯೊ ಉಪಕರಣವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಬಳಸಬೇಕಿಲ್ಲ, ಮನೆಯಲ್ಲಿದ್ದರೆ ಸಾಕು. ವಸಾಹತು ಸರ್ಕಾರದ ಆ ಕಾಯ್ದೆ ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ಉಳಿಯಿತು. ಅಗ್ಗದ ರಿಮೋಟ್ ಕಾರುಗಳು ಸಂತೆಗೆ ಬಂದವೆಂಬುದು ನಿಜ. ಕಾಯ್ದೆ ಕಣ್ಣು ಮುಚ್ಚಿಕೊಂಡಿತ್ತು. ಆದರೆ ಕೊಂಡ ಆಟಿಕೆಯನ್ನು ಓಡಿಸುವುದು ಬೇರೆ, ಟ್ರಾನ್ಸ್‌ಮಿಟರನ್ನು ತಾನೇ ಕಟ್ಟಿ ಸಂಘ ಮಾಡಿಕೊಂಡು ಬೆಳೆಸುವುದು ಬೇರೆ. ಎರಡನೆಯದಕ್ಕೆ ಬಯಲು ಬೇಕು, ಮುಚ್ಚುಮರೆ ಸಾಗದು. 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ಸಿಕ್ಕಿತು. ವೈಫೈ, ಬ್ಲೂಟೂತ್‌ಗಳ ಸಲುವಾಗಿ ಬಂದ ಆ ಅಧಿಸೂಚನೆಯೇ ಈ ಹವ್ಯಾಸದ ಭಾರತೀಯ ಚರಿತ್ರೆಯಲ್ಲಿ, ನನ್ನ ಎಣಿಕೆಯಲ್ಲಿ, ಯಾವುದೇ ಹೊಸ ಸೆಟ್ಟಿಗಿಂತ ದೊಡ್ಡ ಘಟನೆ.

ಆ ಹೊತ್ತಿಗೆ ಇಟ್ಟಿಗೆಯ ಲೋಕವೂ ಬದಲಾಗುತ್ತಿತ್ತು. 2007ರಲ್ಲಿ ಬಂದ ಲೆಗೊದ ಪವರ್ ಫಂಕ್ಷನ್ಸ್ ಪದ್ಧತಿ ಮೋಟಾರು, ಬ್ಯಾಟರಿ ಪೆಟ್ಟಿಗೆ, ರಿಸೀವರ್‌ಗಳನ್ನು ಬಿಡಿಬಿಡಿಯಾಗಿ ಕೊಟ್ಟಿತು. ಆಜ್ಞೆ ಹೋಗುತ್ತಿದ್ದುದು ಇನ್ಫ್ರಾರೆಡ್ ಬೆಳಕಿನಲ್ಲಿ. ಅದು ರೇಡಿಯೊ ಅಲ್ಲದ್ದರಿಂದ ಪರವಾನಗಿಯ ಗೊಡವೆ ಇಲ್ಲ. ಆದರೆ ಬಿಸಿಲಿನಲ್ಲೂ ಅದೇ ಬೆಳಕು ತುಂಬಿರುವುದರಿಂದ ರಿಸೀವರ್ ಕುರುಡಾಗುತ್ತದೆ. ಹಜಾರದಲ್ಲಿ ಸರಿಯಾಗಿ ತಿರುಗುವ ಗಾಡಿ ಏಪ್ರಿಲ್ ತಿಂಗಳ ಅಂಗಳದಲ್ಲಿ ಮಾತು ಕೇಳುವುದಿಲ್ಲ. ರಿಮೋಟಿಗೂ ಗಾಡಿಗೂ ನಡುವೆ ನೇರ ನೋಟ ಬೇಕು, ಕಲ್ಲಿನ ಹಿಂದೆ ಹೋದರೆ ಮುಗಿಯಿತು. ಹಂಗೇರಿಯವರ ಎಸ್‌ಬ್ರಿಕ್ ಎಂಬ ರಿಸೀವರ್ ಈ ಕೊರತೆಯನ್ನು ಬ್ಲೂಟೂತಿನಿಂದ ತುಂಬಿತು. 2019ರಲ್ಲಿ ಲೆಗೊ ತಾನೇ ಫೋನಿನಿಂದ ನಡೆಯುವ ವಾಹನಗಳನ್ನು ಹೊರತಂದಿತು. 4,108 ತುಣುಕುಗಳ ಲೀಬ್‌ಹೆರ್ ಅಗೆಯುವ ಯಂತ್ರ ಅವುಗಳಲ್ಲೊಂದು.

ದಾರಿ ತೆರೆಯಿತು ಎನ್ನುವಾಗ ಬೆಲೆ ಮುಚ್ಚಿತು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಬಿಐಎಸ್ ಗುರುತಿಲ್ಲದ ಆಟಿಕೆ ಮಾರುವಂತಿಲ್ಲವೆಂದಾಯಿತು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಆ ನಿಯಮವನ್ನು ಆಕ್ಷೇಪಿಸಲಾರೆ. ಆದರೆ ಹವ್ಯಾಸಿಗೆ ಬೇಕಾದದ್ದು ಪೂರ್ತಿ ಆಟಿಕೆಯಲ್ಲ, ಒಂದು ಮುರಿದ ಹಲ್ಲುಗಾಲಿಯ ಬದಲಿ. ಅದಕ್ಕೂ ಇದೇ ಸುಂಕದ ಹೊರೆ ಬಿದ್ದಿತು.

ಸುಂಕದ ಉದ್ದೇಶ ದೇಶದೊಳಗೆ ತಯಾರಿಕೆ ಬೆಳೆಸುವುದು. ಆ ಮಾತಿಗೆ ಬೆಳಗಾವಿಯಲ್ಲಿ ಆಧಾರವುಂಟು. ನಗರದಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಸಾಲಾಗಿ ಉದ್ಯಮಬಾಗ, ಗೋಗಟೆ ತಾಂತ್ರಿಕ ಕಾಲೇಜು, ಮಚ್ಛೆಯ ಕೈಗಾರಿಕಾ ಪ್ರದೇಶ, 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಎರಕದ ಮನೆಗಳು, ಹೈಡ್ರಾಲಿಕ್ ವಾಲ್ವು ಮಾಡುವ ಕಾರ್ಖಾನೆಗಳು ಇಲ್ಲಿಯ ಕಸುಬು. ಸುರೇಶ ಹುಂದ್ರೆ ಕಟ್ಟಿದ ಪಾಲಿಹೈಡ್ರಾನ್ ಅದರಲ್ಲಿ ಹೆಸರಾದದ್ದು. ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಅದೇ ಕಂಪನಿ ಹ್ಯಾಸ್‌ಬ್ರೊ, ಸ್ಪಿನ್ ಮಾಸ್ಟರ್‌ಗಳಂಥ ವಿದೇಶಿ ಕಂಪನಿಗಳಿಗೆ ಪ್ಲಾಸ್ಟಿಕ್ ಆಟಿಕೆ ಅಚ್ಚುಹಾಕುತ್ತದೆ; ಕೊಪ್ಪಳದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಬಿತ್ತು. 2013ರಲ್ಲಿ ಮೆಕ್ಕಾನೊವನ್ನು ಕೊಂಡದ್ದೂ ಸ್ಪಿನ್ ಮಾಸ್ಟರೇ.

ಈಗ ಬೆಳಗಾವಿಯ ಮಕ್ಕಳು ನಿಜವಾಗಿ ಏನು ಕಟ್ಟುತ್ತಿದ್ದಾರೆ? 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಇಂಥ ಪ್ರಯೋಗಾಲಯಗಳಲ್ಲಿ, ತಾಂತ್ರಿಕ ಕಾಲೇಜುಗಳ ಉತ್ಸವಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ವಾಹನದಲ್ಲಿ ಇಟ್ಟಿಗೆಯೇ ಇಲ್ಲ. ಅಕ್ರಿಲಿಕ್ ಹಾಳೆ, ನಾಲ್ಕು ಹಳದಿ ಬಿಒ (ಬ್ಯಾಟರಿಯಿಂದ ಓಡುವ) ಮೋಟಾರು, ಆರ್ಡುಯಿನೊ ನಿಯಂತ್ರಕ ಬೋರ್ಡು, ಒಂದು ಬ್ಲೂಟೂತ್ ಮಾಡ್ಯೂಲು. ರಿಮೋಟು ಅಪ್ಪನ ಫೋನು. ನಿಯಂತ್ರಣದಲ್ಲಿ ಅದು ಡ್ಯಾನಿಶ್ ಸೆಟ್ಟಿಗಿಂತ ಮುಂದಿದೆ, ಏಕೆಂದರೆ ಪ್ರೋಗ್ರಾಮನ್ನು ಮಗುವೇ ಬರೆದಿರುತ್ತದೆ. ಯಂತ್ರದ ದೃಷ್ಟಿಯಿಂದ ಹಿಂದಿದೆ. ಹಲ್ಲುಗಾಲಿಗಳು ಮೋಟಾರಿನ ಹಳದಿ ಡಬ್ಬಿಯೊಳಗೆ ಮುಚ್ಚಿಹೋಗಿವೆ, ಸ್ಟೀರಿಂಗೂ ಡಿಫರೆನ್ಶಿಯಲ್ಲೂ ಇಲ್ಲ. ಒಂದು ಬದಿಯ ಗಾಲಿ ನಿಲ್ಲಿಸಿ ಇನ್ನೊಂದು ಬದಿಯದನ್ನು ತಿರುಗಿಸಿದರೆ ಗಾಡಿ ಟ್ಯಾಂಕಿನ ರೀತಿ ಹೊರಳುತ್ತದೆ. ಬ್ಯಾಟರಿ ನಿಂತಿರುವುದು ಎರಡು ಬದಿಯ ಅಂಟುಪಟ್ಟಿಯ ಮೇಲೆ. ಲ್ಯಾಬಿನ 3ಡಿ ಪ್ರಿಂಟರಿನಲ್ಲಿ ಇಟ್ಟಿಗೆ ತೆಗೆಯಬಹುದು, ಆದರೆ 0.4 ಮಿ.ಮೀ. ನಳಿಕೆಯಿಂದ ಪದರ ಪದರವಾಗಿ ಇಳಿದ ಗುಬ್ಬಿ ಒಂದೋ ಒಳಹೋಗುವುದಿಲ್ಲ, ಇಲ್ಲವೇ ನಿಲ್ಲುವುದಿಲ್ಲ. ಆ ಬಿಗಿಗೆ ಉಕ್ಕಿನ ಅಚ್ಚು ಬೇಕು, ಅಚ್ಚಿಗೆ ಮೈಕ್ರಾನ್ ಲೆಕ್ಕದ ಕೆಲಸ ಬೇಕು. ವಿಮಾನದ ಬಿಡಿಭಾಗ ಕಡೆಯುವ ಜಿಲ್ಲೆಗೆ ಅದು ಹೊಸ ಲೆಕ್ಕವಲ್ಲ.